ಮರೆತವರನ್ನು ಕಾಣಹೋಗುವುದು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುವಾಗ, ಹೇಳಿದ ಕಥೆಯನ್ನೇ ಮತ್ತೊಮ್ಮೆ ಮೊದಲಿನಿಂದ ಆರಂಭಿಸುವಾಗ, ಉಳಿದವರು ಈ ಗಾದೆಯನ್ನು ನೆನೆದು ನಗುವುದುಂಟು. ಆ ನಗೆಯಲ್ಲಿ ಕೇಡಿಲ್ಲ. ಮುಪ್ಪನ್ನು ಸಹಿಸಿಕೊಳ್ಳುವ ಒಂದು ಬಗೆಯ ಸಲಿಗೆ ಅದರಲ್ಲಿದೆ. ದ. ರಾ. ಬೇಂದ್ರೆಯವರು ತಮ್ಮ ಅರವತ್ತರ ಸುಮಾರಿನಲ್ಲಿ ಹೊರತಂದ ಕವನಸಂಗ್ರಹಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟು, ಹಾಸ್ಯದ ಮಾತಿನೊಳಗೆ ಅರಳುವುದನ್ನೂ ಮರಳುವುದನ್ನೂ ಒಟ್ಟಿಗೆ ಕಾಣಿಸಿದರು. ಆ ಕೃತಿಗೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಆದರೆ ಈ ಗಾದೆಯ ವಿಷಯದಲ್ಲಿ ತುಸು ಎಚ್ಚರ ಅಗತ್ಯ. ಅರವತ್ತು ದಾಟಿದವರೆಲ್ಲರೂ ಬುದ್ಧಿಯ ಹಿಡಿತವನ್ನು ಕಳೆದುಕೊಳ್ಳುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿ ಡಿಮೆನ್ಷಿಯ ಎಂಬ ಕಾಯಿಲೆಗೆ ಒಳಗಾಗಿದ್ದಾರೆ. ಎಂದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿ ಅದಕ್ಕೆ ಹೊರಗೇ ಉಳಿದಿದ್ದಾರೆ. ಹಾಗಿದ್ದರೂ ದೇಶದ ಜನಸಂಖ್ಯೆಯ ಗಾತ್ರದಿಂದಾಗಿ ಆ ಏಳೂವರೆ ಮಂದಿಯ ಲೆಕ್ಕವೇ ಸುಮಾರು 88 ಲಕ್ಷವಾಗುತ್ತದೆ. ಇಷ್ಟು ಜನರ ಸಂಕಟವನ್ನು ವಯಸ್ಸಿನ ಸಹಜಧರ್ಮವೆಂದು ಗಾದೆ ಮರೆಮಾಡಿಬಿಡುತ್ತದೆ. ‘ವಯಸ್ಸಾಯಿತು, ಇನ್ನೇನು’ ಎಂದು ಸುಮ್ಮನಾದ ಮನೆಗಳಲ್ಲಿ ವೈದ್ಯರನ್ನು ಕಾಣುವ ಕಾಲ ಕಳೆದುಹೋಗುತ್ತದೆ. ಥೈರಾಯ್ಡ್ ಗ್ರಂಥಿಯ ದೋಷದಿಂದಲೋ, ಬಿ-12 ಜೀವಸತ್ವದ ಕೊರತೆಯಿಂದಲೋ, ಮನಸ್ಸಿನ ಖಿನ್ನತೆಯಿಂದಲೋ ಉಂಟಾದ ಮರೆವು ಚಿಕಿತ್ಸೆಯಿಂದ ಸುಧಾರಿಸುವುದುಂಟು. ಅಂಥದನ್ನೂ ಗಾದೆಯ ಖಾತೆಗೇ ಬರೆದುಬಿಡುವುದು ನ್ಯಾಯವಲ್ಲ.

ಮರೆವಿನ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣಿಸುವುದು ಆಲ್‌ಝೈಮರ್ ರೋಗ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಯೊಂದಕ್ಕೆ ಔಗುಸ್ತೆ ಡೆಟೆರ್ ಎಂಬ ಐವತ್ತೊಂದು ವರ್ಷದ ಗೃಹಿಣಿಯನ್ನು ಕರೆತಂದರು. ಆಕೆಗೆ ಕಣ್ಣೆದುರಿನ ವಸ್ತುವಿನ ಹೆಸರು ತಿಳಿಯುತ್ತಿತ್ತು. ಮರುಗಳಿಗೆಯಲ್ಲಿ ಏನನ್ನು ತೋರಿಸಿದರೆಂಬುದೇ ಮರೆತುಹೋಗುತ್ತಿತ್ತು. ಆಕೆಯನ್ನು ಪರೀಕ್ಷಿಸಿದ ವೈದ್ಯ ಅಲೋಯಿಸ್ ಆಲ್‌ಝೈಮರ್ ತಾವು ಬೇರೆ ಊರಿಗೆ ಹೋದ ಮೇಲೂ ಆಕೆಯನ್ನು ಮರೆಯಲಿಲ್ಲ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಜೀವಕೋಶಗಳ ನಡುವೆ ಕರೆಯಂತೆ ಕಟ್ಟಿಕೊಂಡ ಪದಾರ್ಥವನ್ನೂ ಜೀವಕೋಶಗಳೊಳಗೆ ಸಿಕ್ಕುಸಿಕ್ಕಾದ ಎಳೆಗಳನ್ನೂ ಕಂಡು, ಅದೇ ವರ್ಷದ ನವೆಂಬರಿನಲ್ಲಿ ವೈದ್ಯರ ಸಭೆಯೊಂದರಲ್ಲಿ ವಿವರಿಸಿದರು. ರೋಗಕ್ಕೆ ಅವರ ಹೆಸರನ್ನಿಟ್ಟವರು ಎಮಿಲ್ ಕ್ರೆಪೆಲಿನ್, ಅದು 1910ರಲ್ಲಿ. ಅಂದಿನಿಂದ ಶತಮಾನವೇ ಸಂದಿದ್ದರೂ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧಿ ಇನ್ನೂ ದೊರೆತಿಲ್ಲ.

ಸಾಮಾನ್ಯ ಮರೆವಿಗೂ ಈ ಮರೆವಿಗೂ ಅಂತರವಿದೆ. ಬೀಗದ ಕೈಯನ್ನು ಎಲ್ಲಿಟ್ಟೆನೆಂದು ಮರೆಯುವುದು ಎಲ್ಲರಿಗೂ ಆಗುವಂಥದು; ಬೀಗದ ಕೈಯನ್ನು ಕೈಯಲ್ಲಿ ಹಿಡಿದು ಇದು ಏತಕ್ಕೆಂದು ತಿಳಿಯದೆ ನಿಲ್ಲುವುದು ರೋಗ. ಮೆದುಳಿನಲ್ಲಿ ಹೊಸ ನೆನಪುಗಳನ್ನು ದಾಖಲಿಸುವ ಭಾಗಕ್ಕೆ ಮೊದಲು ಪೆಟ್ಟು ಬೀಳುವುದರಿಂದ, ಹತ್ತು ನಿಮಿಷದ ಹಿಂದಿನ ಊಟ ಅಳಿಸಿಹೋಗಿ ಅರವತ್ತು ವರ್ಷದ ಹಿಂದಿನ ಜಾತ್ರೆ ಕಣ್ಣಿಗೆ ಕಟ್ಟಿದಂತಿರುತ್ತದೆ. ರೋಗ ಮುಂದುವರಿದಂತೆ ನೆನಪು ಈಚಿನಿಂದ ಆಚೆಗೆ ಕರಗುತ್ತ ಹೋಗುತ್ತದೆ. ಮೊದಲು ಮೊಮ್ಮಕ್ಕಳು, ಆಮೇಲೆ ಸೊಸೆಯಂದಿರು ಅಳಿಯಂದಿರು, ಬಳಿಕ ಮಕ್ಕಳು. ತವರುಮನೆಯ ಬಾವಿಕಟ್ಟೆ ಕೊನೆಯವರೆಗೂ ಉಳಿದಿರಬಹುದು. ಮಗನನ್ನು ತನ್ನ ಅಣ್ಣನೆಂದು ತಿಳಿದು ಮಾತನಾಡಿಸುವ ತಾಯಿ ಅವನನ್ನು ತಳ್ಳಿಹಾಕುತ್ತಿಲ್ಲ. ತಾನು ಈಗ ಬಾಳುತ್ತಿರುವ ಕಾಲದಲ್ಲಿ ಆ ಮುಖಕ್ಕೆ ಹೊಂದುವ ಒಂದು ಸ್ಥಾನವನ್ನು ಹುಡುಕಿ ಕೊಡುತ್ತಿದ್ದಾಳೆ, ಅಷ್ಟೆ.

ಇಂಥವರು ಹಿಂದೆ ಎಲ್ಲಿದ್ದರು? ಮನೆಯಲ್ಲಿಯೇ ಇದ್ದರು. ಆದರೆ ಆ ಕಾಲವನ್ನು ಕುರಿತು ವಿಶೇಷವಾಗಿ ಹೆಮ್ಮೆಪಡುವುದಕ್ಕೆ ಮುನ್ನ ಒಂದು ಸಂಗತಿಯನ್ನು ನೆನೆಯಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸಿನಲ್ಲಿತ್ತು. ಇಂದು ಅದು ಎಪ್ಪತ್ತರ ಸುಮಾರಿಗೆ ಏರಿದೆ. ಮರೆವಿನ ರೋಗ ಬರುವಷ್ಟು ವಯಸ್ಸನ್ನು ಮುಟ್ಟುತ್ತಿದ್ದವರೇ ಕಡಿಮೆ. ಮುಟ್ಟಿದವರಿಗೆ ಜಗಲಿಯಿತ್ತು, ಜಗಲಿಯಲ್ಲಿ ಸದಾ ಒಬ್ಬರಲ್ಲ ಒಬ್ಬರು ಇದ್ದರು, ದಾರಿ ತಪ್ಪಿ ಹೊರಟರೆ ಕೈಹಿಡಿದು ಕರೆತರುವ ಕೇರಿಯಿತ್ತು. ಇವೆಲ್ಲವೂ ನಿಜ. ಹಾಗೆಯೇ, ಹಗಲಿರುಳು ಅವರ ಬಟ್ಟೆ ಒಗೆದು, ತುತ್ತಿಟ್ಟು, ಬೈಗುಳ ತಿಂದು ಸವೆದ ಸೊಸೆಯೊಬ್ಬಳು ಒಳಮನೆಯಲ್ಲಿದ್ದಳೆಂಬುದೂ ನಿಜ. ಅವಳ ಸಂಕಟವನ್ನು ಯಾರೂ ದಾಖಲಿಸಲಿಲ್ಲ.

ಇಂದಿನ ಮನೆಯ ಚಿತ್ರ ಬೇರೆ. ಗಂಡಹೆಂಡಿರಿಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಡುತ್ತಾರೆ, ಮಕ್ಕಳು ಶಾಲೆಗೆ. ಮೂರನೆಯ ಮಹಡಿಯ ಮನೆಯಲ್ಲಿ ಅನಿಲದ ಒಲೆಯನ್ನು ಹೊತ್ತಿಸಿ ಮರೆತುಬಿಡುವ ವೃದ್ಧೆಯೊಬ್ಬಳೇ ಉಳಿಯುತ್ತಾಳೆ. ರಾತ್ರಿ ಎರಡು ಗಂಟೆಗೆ ಎದ್ದು ಸೀರೆಯುಟ್ಟು ಊರಿಗೆ ಹೊರಡುತ್ತಾಳೆ. ಮನೆಮಂದಿ ತಿಂಗಳುಗಟ್ಟಲೆ ನಿದ್ದೆಗೆಟ್ಟು, ಕೊನೆಗೆ ಆರೈಕೆಯ ನೆಲೆಯೊಂದನ್ನು ಹುಡುಕುತ್ತಾರೆ. ಇಂಥ ರೋಗಿಗಳ ವಿಷಯದಲ್ಲಿ ತಿಳಿವಳಿಕೆ ಮೂಡಿಸಲು 1992ರಲ್ಲಿ ಕೇರಳದಲ್ಲಿ ಹುಟ್ಟಿದ ಆಲ್‌ಝೈಮರ್ ಸಂಘ ಮುಂದೆ ಹಲವು ನಗರಗಳಿಗೆ ಹಬ್ಬಿತು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇವರಿಗೆಂದೇ ಒಂದು ಕೇಂದ್ರವನ್ನು ಕಟ್ಟಿಸಿತು. ನಿಮ್ಹಾನ್ಸ್ ಸಂಸ್ಥೆಯೊಡನೆ ಕರ್ನಾಟಕ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯಕ್ಕಾಗಿ ಯೋಜನೆಯೊಂದನ್ನು ಆರಂಭಿಸಿತು. ಆದರೂ ಅಗತ್ಯಕ್ಕೆ ಹೋಲಿಸಿದರೆ ಇಂಥ ನೆಲೆಗಳು ಕೆಲವೇ. ಇರುವವೂ ಬಹುಮಟ್ಟಿಗೆ ದೊಡ್ಡ ಊರುಗಳಲ್ಲಿವೆ, ಅವುಗಳ ವೆಚ್ಚ ಬಡವರ ಕೈಗೆ ಎಟುಕುವಂಥದಲ್ಲ.

ಹೆತ್ತವರನ್ನು ಅಲ್ಲಿ ಸೇರಿಸಿದವರು ಆ ಮಾತನ್ನು ನೆಂಟರಿಷ್ಟರೆದುರು ಎತ್ತಲು ಅಂಜುತ್ತಾರೆ. ‘ವೃದ್ಧಾಶ್ರಮ’ ಎಂಬ ಪದಕ್ಕೆ ಕನ್ನಡದಲ್ಲಿ ಪರಿತ್ಯಾಗದ ವಾಸನೆ ಹತ್ತಿಕೊಂಡಿದೆ. ಕೇಳಿದವರೂ ಹಾಗೆಯೇ ತೀರ್ಪು ಕೊಡುತ್ತಾರೆ, ಒಂದು ರಾತ್ರಿಯನ್ನಾದರೂ ಆ ರೋಗಿಯೊಡನೆ ಕಳೆಯದವರು ಮತ್ತಷ್ಟು ಕಟುವಾಗಿ. ಈ ತೀರ್ಪಿನಲ್ಲಿ ವಿವೇಕ ಸಾಲದು. ನುರಿತ ಕೈಗಳ ಆರೈಕೆ, ಹೊತ್ತಿಗೆ ಸರಿಯಾಗಿ ಊಟ ಔಷಧಿ, ಬೀಳದಂತೆ ನೋಡಿಕೊಳ್ಳುವ ವ್ಯವಸ್ಥೆ ಇವು ಅನೇಕ ವೇಳೆ ಮನೆಗಿಂತ ಅಲ್ಲಿಯೇ ಚೆನ್ನಾಗಿರುತ್ತವೆ. ಸೇರಿಸಿದ ದಿನದಂದು ಮಕ್ಕಳ ಗುಣ ನಿರ್ಧಾರವಾಗುವುದಿಲ್ಲ. ಸೇರಿಸಿದ ಮೇಲಿನ ಭಾನುವಾರಗಳಲ್ಲಿ ಅದು ನಿರ್ಧಾರವಾಗುತ್ತದೆ.

ಮೊದಲ ತಿಂಗಳು ವಾರಕ್ಕೆರಡು ಸಲ ಬರುತ್ತಿದ್ದವರು ಕ್ರಮೇಣ ತಿಂಗಳಿಗೊಮ್ಮೆ, ಬಳಿಕ ಹಬ್ಬಕ್ಕೊಮ್ಮೆ ಬರತೊಡಗುವುದು ವಿರಳವಲ್ಲ. ಅವರು ಕೊಡುವ ಕಾರಣವೂ ಒಂದೇ: ‘ಹೋದರೂ ಗುರುತು ಹಿಡಿಯುವುದಿಲ್ಲ, ಬಂದುಹೋದೆವೆಂಬುದೂ ಅವರಿಗೆ ನೆನಪಿರುವುದಿಲ್ಲ. ಹೋಗಿ ಏನು ಪ್ರಯೋಜನ?’ ಹೀಗೆ ಹೇಳುವವರೆಲ್ಲರೂ ಕಲ್ಲೆದೆಯವರೆಂದು ತಿಳಿಯಬಾರದು. ತನ್ನನ್ನು ಹೆತ್ತವಳೇ ‘ನೀವು ಯಾರಪ್ಪ?’ ಎಂದು ಬಹುವಚನದಲ್ಲಿ ಕೇಳಿದಾಗ ಆಗುವ ನೋವು ಸಣ್ಣದಲ್ಲ. ಪ್ರಯೋಜನದ ಮಾತು ಎಷ್ಟೋ ಸಲ ಆ ನೋವನ್ನು ಮುಚ್ಚಿಕೊಳ್ಳುವ ಹೊದಿಕೆಯಾಗಿರುತ್ತದೆ. ಆದರೂ ಪ್ರಶ್ನೆಯನ್ನು ಕೇಳಿದ ಮೇಲೆ ಉತ್ತರವನ್ನು ಪರಿಶೀಲಿಸಲೇಬೇಕು.

2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್‌ಝೈಮರ್ ರೋಗಿಗಳಿಗೆ ಚಲನಚಿತ್ರದ ತುಣುಕುಗಳನ್ನು ತೋರಿಸಿ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಒಮ್ಮೆ ದುಃಖದ ದೃಶ್ಯಗಳು, ಇನ್ನೊಮ್ಮೆ ನಗುವಿನ ದೃಶ್ಯಗಳು. ಕೆಲವೇ ನಿಮಿಷಗಳ ಮೇಲೆ ಕೇಳಿದಾಗ, ನೋಡಿದ್ದೇನೆಂಬುದು ರೋಗಿಗಳಿಗೆ ಹೆಚ್ಚುಕಡಮೆ ಅಳಿಸಿಹೋಗಿತ್ತು. ಆದರೆ ಆ ದೃಶ್ಯಗಳು ಮೂಡಿಸಿದ ದುಃಖವೂ ಸಂತೋಷವೂ ಅಳಿಸಿರಲಿಲ್ಲ. ಕಾರಣ ತಿಳಿಯದೆಯೇ ಅವರು ಆ ಭಾವದಲ್ಲಿ ಉಳಿದಿದ್ದರು. ಇನ್ನೂ ವಿಚಿತ್ರವೆಂದರೆ, ಚಿತ್ರವನ್ನು ಹೆಚ್ಚು ಮರೆತವರಲ್ಲಿ ದುಃಖ ಹೆಚ್ಚು ಹೊತ್ತು ನಿಂತಿತ್ತು. ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಮಗಳು ಬಂದು ತಲೆ ಬಾಚಿ ಹೋದದ್ದನ್ನು ತಾಯಿ ಮರೆಯುತ್ತಾಳೆ. ಅಂದಿನ ಮಧ್ಯಾಹ್ನ ಎರಡು ತುತ್ತು ಹೆಚ್ಚಾಗಿ ಉಣ್ಣುತ್ತಾಳೆ. ಗದರಿಸಿ ಹೋದದ್ದನ್ನೂ ಮರೆಯುತ್ತಾಳೆ. ಸಂಜೆಯವರೆಗೆ ಏತಕ್ಕೆಂದು ತಿಳಿಯದೆ ಬಿಕ್ಕುತ್ತಾಳೆ.

2020ರಲ್ಲಿ ಕೊರೋನಾ ವ್ಯಾಧಿ ಹಬ್ಬಿದಾಗ ಇದಕ್ಕೆ ಯಾರೂ ಬಯಸದ ಪುರಾವೆಯೊಂದು ದೊರೆಯಿತು. ಸೋಂಕಿನ ಭಯದಿಂದ ಹಲವು ದೇಶಗಳ ಆರೈಕೆಯ ಮನೆಗಳು ತಿಂಗಳುಗಟ್ಟಲೆ ಬಾಗಿಲು ಮುಚ್ಚಿದವು. ಗಾಜಿನ ಕಿಟಕಿಯ ಹೊರಗೆ ನಿಂತು ಕೈಬೀಸಿದ ಮಕ್ಕಳನ್ನು, ದೂರವಾಣಿಯ ಪರದೆಯ ಮೇಲಿನ ಮುಖಗಳನ್ನು ರೋಗಿಗಳು ಅರ್ಥಮಾಡಿಕೊಳ್ಳಲಾರದೆ ಹೋದರು. ಬಾಗಿಲು ತೆರೆದಾಗ ಅವರಲ್ಲಿ ಅನೇಕರು ಮಾತನ್ನೂ ನಡಿಗೆಯನ್ನೂ ಇನ್ನಷ್ಟು ಕಳೆದುಕೊಂಡಿದ್ದರು. ‘ಬಂದದ್ದು ನೆನಪಿರುವುದಿಲ್ಲ’ ಎನ್ನುವವರು ಬಾರದಿದ್ದುದರ ಪರಿಣಾಮವನ್ನು ಲೆಕ್ಕಕ್ಕೆ ತಂದುಕೊಂಡಿರುವುದಿಲ್ಲ.

ಭೇಟಿಯಿಂದ ಆಗುವ ಇನ್ನೊಂದು ಉಪಕಾರ ಆರೈಕೆಯ ಸಿಬ್ಬಂದಿಗೆ. ಅಲ್ಲಿನ ಶುಶ್ರೂಷಕಿಯ ಕಣ್ಣಿಗೆ ಆ ವೃದ್ಧ ಹತ್ತನೆಯ ಹಾಸಿಗೆಯವನು, ಅನ್ನವನ್ನು ಉಗುಳುವವನು, ರಾತ್ರಿ ಕೂಗುವವನು. ಅವನು ನಲವತ್ತು ವರ್ಷ ಅಂಚೆ ಹಂಚಿದವನೆಂದು, ಬೆಳಗಿನ ನಾಲ್ಕು ಗಂಟೆಗೆ ಎದ್ದು ತಣ್ಣೀರು ಮಿಂದು ಅಭ್ಯಾಸವಾದವನೆಂದು, ಸೌತೆಕಾಯಿ ಹುಳಿಯೆಂದರೆ ಪ್ರಾಣವೆಂದು ಅವಳಿಗೆ ಹೇಳುವವರಾರು? ಹೇಳಿದ ಮರುದಿನದಿಂದ ಅವನ ನಾಲ್ಕು ಗಂಟೆಯ ಗದ್ದಲ ಹಠವಾಗಿ ತೋರದೆ ದಿನಚರಿಯಾಗಿ ತೋರುತ್ತದೆ. ತನ್ನ ಕಥೆಯನ್ನು ತಾನು ಹೇಳಲಾರದವನ ಪರವಾಗಿ ಬೇರೆಯವರು ಅದನ್ನು ಹೇಳಬೇಕಾಗುತ್ತದೆ. ಅಲ್ಲದೆ, ತನಗೆ ಹಸಿವಾಗಿದೆ, ಹಲ್ಲಿನ ಕಟ್ಟು ಚುಚ್ಚುತ್ತಿದೆ, ಶ್ರವಣಯಂತ್ರ ಕೆಟ್ಟಿದೆ ಎಂದು ದೂರಲಾರದವನಿಗೆ ಬಂದುಹೋಗುವ ಕಣ್ಣುಗಳೇ ಕಾವಲು. ಉಗುರು ಬೆಳೆದಿದೆಯೆ, ಮೈ ಇಳಿದಿದೆಯೆ, ತೋಳಿನ ಮೇಲೆ ಕಂದಿದ ಗುರುತಿದೆಯೆ ಎಂದು ನೋಡುವವರು ಇರುವೆಡೆ ಆರೈಕೆ ತಾನಾಗಿಯೇ ಚುರುಕಾಗಿರುತ್ತದೆ. ಸಂದರ್ಶಕರಿಲ್ಲದ ಹಾಸಿಗೆ ಎಷ್ಟು ಒಳ್ಳೆಯ ಸಂಸ್ಥೆಯಲ್ಲಿಯೂ ಸ್ವಲ್ಪ ಹಿಂದೆ ಬೀಳುತ್ತದೆ.

ಹೋಗಬೇಕೆಂಬುದು ಸರಿ; ಹೋಗಿ ಮಾಡುವುದೇನು? ಬಹುಮಂದಿ ಅಲ್ಲಿ ಹೋಗಿ ಪರೀಕ್ಷೆ ಮಾಡುತ್ತಾರೆ. ‘ಅಮ್ಮ, ನಾನು ಯಾರು ಹೇಳು ನೋಡೋಣ?’ ‘ನಿನ್ನೆ ಯಾರು ಬಂದಿದ್ದರು?’ ‘ಇವಳ ಹೆಸರೇನು?’ ಶಾಲೆಯಲ್ಲಿ ಉತ್ತರ ಬಾರದೆ ಎದ್ದುನಿಂತ ವಿದ್ಯಾರ್ಥಿಗೆ ಆಗುವ ಅವಮಾನವನ್ನು ಬಲ್ಲವರಾರೂ ಇಂಥ ಪ್ರಶ್ನೆಯನ್ನು ಕೇಳಬಾರದು. ‘ಅಜ್ಜಿ, ನಾನು ನಿಮ್ಮ ಮಗಳ ಮಗಳು, ಶಿರಸಿಯಿಂದ ಬಂದೆ’ ಎಂದು ತಾನಾಗಿಯೇ ಹೇಳಿ ಹತ್ತಿರ ಕುಳಿತರೆ ಆಯಿತು. ಗುರುತು ಹತ್ತಿದರೆ ಸಂತೋಷ. ಹತ್ತದಿದ್ದರೂ ಒಳ್ಳೆಯ ಹುಡುಗಿಯೊಬ್ಬಳು ಬಂದಿದ್ದಾಳೆ ಎಂಬಷ್ಟು ತಿಳಿಯುತ್ತದೆ.

ಹೊತ್ತಿನ ಆಯ್ಕೆಯೂ ಮುಖ್ಯ. ಸಂಜೆಗತ್ತಲು ಕವಿಯುತ್ತಿದ್ದಂತೆ ಈ ರೋಗಿಗಳಲ್ಲಿ ಹಲವರು ತಳಮಳಗೊಳ್ಳುತ್ತಾರೆ, ಮನೆಗೆ ಹೊರಡುತ್ತಾರೆ, ಸಿಟ್ಟಾಗುತ್ತಾರೆ. ಬೆಳಗಿನ ತಿಂಡಿಯಾದ ಮೇಲಿನ ಗಂಟೆ ಎರಡು ಗಂಟೆ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಮದುವೆಯ ದಿಬ್ಬಣದಂತೆ ಹತ್ತು ಮಂದಿ ಒಟ್ಟಿಗೆ ಹೋಗುವುದರಿಂದ ಗೊಂದಲವೇ ಹೆಚ್ಚು.

ಮಾತು ಸೋತೆಡೆ ಕೈ ಮತ್ತು ಕಿವಿ ಬಹುಕಾಲ ಸೋಲುವುದಿಲ್ಲ. ಮಾಡಿ ಮಾಡಿ ಕೈಗೆ ಹತ್ತಿದ ಕೆಲಸಗಳ ನೆನಪು ಮೆದುಳಿನ ಬೇರೆ ಭಾಗಗಳಲ್ಲಿ ಉಳಿಯುವುದರಿಂದ, ಮಕ್ಕಳ ಹೆಸರನ್ನು ಮರೆತ ಅಜ್ಜಿ ಬಾಳೆನಾರು ಮತ್ತು ಮಲ್ಲಿಗೆಯ ಮೊಗ್ಗನ್ನು ಮುಂದಿಟ್ಟರೆ ತಪ್ಪಿಲ್ಲದೆ ದಂಡೆ ಕಟ್ಟಬಲ್ಲಳು. ಅವರೆಕಾಯಿ ಸುಲಿಯುವುದು, ಹೂಬತ್ತಿ ಹೊಸೆಯುವುದು, ಸೊಪ್ಪು ಬಿಡಿಸುವುದು, ಒಗೆದ ಬಟ್ಟೆ ಮಡಿಸುವುದು ಇವೆಲ್ಲ ಒಟ್ಟಿಗೆ ಕುಳಿತು ಮಾಡಬಹುದಾದ ಕೆಲಸಗಳು. ಭೇಟಿಗೆ ಹೋಗುವವರು ಸೇಬಿನ ಚೀಲವೊಂದನ್ನೇ ಹಿಡಿದುಹೋಗುವ ಬದಲು ಒಂದು ಬೊಗಸೆ ಅವರೆಕಾಯಿ ಒಯ್ದರೆ ಅರ್ಧ ಗಂಟೆ ಸರಾಗವಾಗಿ ಸಾಗುತ್ತದೆ. ಹಾಡಿನ ಶಕ್ತಿ ಇನ್ನೂ ದೊಡ್ಡದು. ಒಂದು ವಾಕ್ಯವನ್ನು ಕೂಡಿಸಲಾರದವರು ಹಿಂದೆ ದಿನವೂ ಹೇಳುತ್ತಿದ್ದ ದೇವರನಾಮವನ್ನೋ ಸೋಬಾನೆಯನ್ನೋ ಯಾರಾದರೂ ಎತ್ತಿಕೊಟ್ಟರೆ ಕೊನೆಯ ನುಡಿಯವರೆಗೆ ಹಾಡುವುದುಂಟು. ಸ್ವರ ಗೊತ್ತಿಲ್ಲದ ಮೊಮ್ಮಗ ಅಪಸ್ವರದಲ್ಲಿ ಆರಂಭಿಸಿದರೂ ಅಡ್ಡಿಯಿಲ್ಲ, ಅಜ್ಜಿ ತಿದ್ದುತ್ತಾಳೆ.

ಭಾಷೆಯ ಸಂಗತಿಯೊಂದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಆಮೇಲೆ ಕಲಿತ ನುಡಿಗಳು ಮೊದಲು ಜಾರಿ, ತೊಟ್ಟಿಲಿನ ನುಡಿ ಕೊನೆಯವರೆಗೆ ಉಳಿಯುವುದು ಈ ರೋಗದಲ್ಲಿ ಆಗಾಗ ಕಾಣುತ್ತದೆ. ಉಡುಪಿಯ ಕಡೆಯಿಂದ ಬಂದು ಐವತ್ತು ವರ್ಷ ಬೆಂಗಳೂರಿನಲ್ಲಿ ಹೋಟೆಲು ನಡೆಸಿದವರು ಕೊನೆಗೆ ತುಳುವಿನಲ್ಲಿ ಮಾತ್ರ ಉತ್ತರಿಸಬಹುದು. ಕೊಡಗಿನವರು ಕೊಡವ ತಕ್ಕಿಗೆ, ಕಾರವಾರದವರು ಕೊಂಕಣಿಗೆ ಮರಳಬಹುದು. ಅವರ ಆರೈಕೆಗಿರುವ ಹುಡುಗಿಯರೋ ಬಹುದೂರದ ರಾಜ್ಯಗಳಿಂದ ದುಡಿಮೆಗೆ ಬಂದವರು. ಪ್ರೀತಿ ಇದ್ದರೂ ಮಾತು ತಿಳಿಯದು. ಮಕ್ಕಳೊಡನೆ ಇರಲು ಹೊರದೇಶಕ್ಕೆ ಹೋಗಿ ಅಲ್ಲಿಯೇ ಮುಪ್ಪಾದ ಕನ್ನಡಿಗರ ಪಾಡು ಇನ್ನೂ ಕಠಿಣ. ಇಂಗ್ಲಿಷು ಕಳಚಿಹೋದ ದಿನ ಅವರು ಸುತ್ತಲಿನ ಎಲ್ಲರ ನಡುವೆ ಮೂಕರಾಗುತ್ತಾರೆ. ಅಂಥವರಲ್ಲಿಗೆ ಹೋಗಿ ಅರ್ಧ ಗಂಟೆ ಅವರ ಊರಿನ ನುಡಿಯಲ್ಲಿ ಮಳೆಬೆಳೆಯ ಮಾತಾಡಿ ಬರುವವನು, ರಕ್ತಸಂಬಂಧಿಯಾಗಿರದಿದ್ದರೂ, ವೈದ್ಯನು ಕೊಡಲಾರದ್ದನ್ನು ಕೊಟ್ಟಂತೆ.

ಎಲ್ಲಕ್ಕಿಂತ ಕಠಿಣವಾದುದು ಸತ್ಯದ ಪ್ರಶ್ನೆ. ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡ ಗಂಡನನ್ನು ನೆನೆದು ‘ಅವರು ಇನ್ನೂ ಬರಲಿಲ್ಲವೆ?’ ಎಂದು ತಾಯಿ ಬಾಗಿಲತ್ತ ನೋಡಿದರೆ ಮಗ ಏನು ಹೇಳಬೇಕು? ಹರಿಶ್ಚಂದ್ರನ ಕಥೆಯನ್ನೂ ಪುಣ್ಯಕೋಟಿಯ ಕಥೆಯನ್ನೂ ಕೇಳಿ ಬೆಳೆದ ನಾಡಿನಲ್ಲಿ ಸುಳ್ಳಾಡುವುದು ಸುಲಭವಲ್ಲ. ಒಂದು ಕಾಲಕ್ಕೆ ವೈದ್ಯರೂ ದಾದಿಯರೂ ಇಂಥವರಿಗೆ ವಾಸ್ತವವನ್ನು ಮತ್ತೆ ಮತ್ತೆ ನೆನಪಿಸಬೇಕೆಂದೇ ನಂಬಿದ್ದರು: ಇಂದು ಇಂಥ ವಾರ, ಇದು ಆಸ್ಪತ್ರೆ, ನಿಮ್ಮ ಗಂಡ ತೀರಿಕೊಂಡಿದ್ದಾರೆ. ಕೇಳಿದಾಗಲೆಲ್ಲ ಆ ವಿಧವೆಗೆ ಗಂಡ ಅದೇ ಕ್ಷಣದಲ್ಲಿ ಸತ್ತಂತಾಗುತ್ತಿತ್ತು. ಮರೆತು ಮತ್ತೆ ಕೇಳಿದಾಗ ಮತ್ತೊಮ್ಮೆ ಸಾವು. ಅಮೆರಿಕದಲ್ಲಿ ವೃದ್ಧರ ನಡುವೆ ದುಡಿದ ನಯೋಮಿ ಫೈಲ್ ಎಂಬಾಕೆ ಈ ಕ್ರಮವನ್ನು ಕೈಬಿಟ್ಟು, ಮಾತಿನ ಹಿಂದಿರುವ ಭಾವವನ್ನು ಒಪ್ಪಿ ಅದರೊಡನೆ ಸಾಗುವ ಮಾರ್ಗವನ್ನು ರೂಪಿಸಿದರು. ಇನ್ನೊಂದು ತುದಿಗೆ ಹೋದವರೂ ಇದ್ದಾರೆ. ಜರ್ಮನಿಯ ಡ್ಯೂಸೆಲ್‌ಡಾರ್ಫಿನ ವೃದ್ಧರ ನಿಲಯವೊಂದರ ಮುಂದೆ ಬಸ್ಸೇ ಬಾರದ ಬಸ್ ನಿಲ್ದಾಣವೊಂದನ್ನು ನಿರ್ಮಿಸಿದರು. ಮನೆಗೆ ಹೋಗಬೇಕೆಂದು ಹಟ ಹಿಡಿದು ಹೊರಬಿದ್ದವರು ಆ ಬೆಂಚಿನ ಮೇಲೆ ಕುಳಿತು ಕಾಯುತ್ತಾರೆ. ಸ್ವಲ್ಪ ಹೊತ್ತಿಗೆ ಏಕೆ ಬಂದೆವೆಂಬುದು ಮರೆತು, ಕಾಫಿಗೆ ಕರೆದರೆ ಒಳಗೆ ಬರುತ್ತಾರೆ. ರಸ್ತೆಯಲ್ಲಿ ಕಳೆದುಹೋಗುವುದಕ್ಕಿಂತ ಇದು ಮೇಲೆಂಬುದು ನಿರ್ವಿವಾದ. ಆದರೂ ಬಾರದ ಬಸ್ಸಿಗಾಗಿ ಮುದುಕನೊಬ್ಬನನ್ನು ಒಂಟಿಯಾಗಿ ಕೂರಿಸುವ ಉಪಾಯದಲ್ಲಿ ಏನೋ ಒಂದು ಮನಸ್ಸಿಗೆ ಒಗ್ಗುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕುಳಿತರೆ ಮಾತ್ರ ಅದು ಸಹ್ಯವಾಗುತ್ತದೆ.

ವಾಸ್ತವವಾಗಿ, ಸತ್ಯದ ಪೆಟ್ಟೂ ಬೇಡ, ಸುಳ್ಳಿನ ನಾಟಕವೂ ಬೇಡ ಎನ್ನುವ ಎಡೆಯೊಂದಿದೆ. ‘ಅಪ್ಪ ಬರುವಾಗ ಸಾಮಾನ್ಯವಾಗಿ ಏನು ತರುತ್ತಿದ್ದರಮ್ಮ?’ ಎಂದು ಮಗ ಕೇಳಬಹುದು. ಮೈಸೂರುಪಾಕಿನ ಮಾತು ಬರುತ್ತದೆ, ಸೈಕಲ್ಲಿನ ಗಂಟೆಯ ಮಾತು ಬರುತ್ತದೆ, ಮೊಗದಲ್ಲಿ ನಗೆ ಬರುತ್ತದೆ. ಆಕೆಗೆ ಬೇಕಾಗಿದ್ದುದು ಅವನ ಸುದ್ದಿ, ಅದು ಸಿಕ್ಕಿತು. ‘ಮನೆಗೆ ಹೋಗಬೇಕು’ ಎಂಬ ಹಂಬಲವೂ ಬಹುಮಟ್ಟಿಗೆ ಹೀಗೆಯೇ. ಸ್ವಂತ ಮನೆಯ ಹಜಾರದಲ್ಲಿ ಕುಳಿತೇ ಮನೆಗೆ ಹೋಗಬೇಕೆನ್ನುವ ರೋಗಿಗಳಿದ್ದಾರೆ. ಅವರು ಹುಡುಕುವ ಮನೆ ಯಾವ ಬಡಾವಣೆಯಲ್ಲಿಯೂ ಇಲ್ಲ. ತಾಯಿತಂದೆ ಬದುಕಿದ್ದ ಕಾಲದಲ್ಲಿದೆ.

ಹೊರಗೆ ಕರೆದೊಯ್ಯುವ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2016ರಲ್ಲಿ ತೆರೆಕಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಕನ್ನಡ ಚಿತ್ರದಲ್ಲಿ ಅನಂತನಾಗ್ ಆಲ್‌ಝೈಮರ್ ಪೀಡಿತ ತಂದೆಯ ಪಾತ್ರವಹಿಸಿದ್ದಾರೆ. ಆರೈಕೆಯ ಮನೆಯಿಂದ ತಿರುಗಾಟಕ್ಕೆ ಕರೆದೊಯ್ದ ಮಗನ ಅಜಾಗ್ರತೆಯಿಂದ ತಂದೆ ಕಾಣೆಯಾಗುತ್ತಾನೆ. ಚಿತ್ರದ ಹೆಸರು ಕಾಣೆಯಾದವರ ಪ್ರಕಟಣೆಗಳ ಭಾಷೆಯಿಂದ ಬಂದುದು. ತಂದೆಯನ್ನು ವರ್ಣಿಸೆಂದರೆ ಮಗನಿಗೆ ಅಷ್ಟು ನಾಲ್ಕು ಮಾತುಗಳಾಚೆ ಏನು ಗೊತ್ತಿದೆ ಎಂಬ ಪ್ರಶ್ನೆಯನ್ನು ಆ ಹೆಸರೇ ಕೇಳುತ್ತದೆ. ವಿಳಾಸ ಮತ್ತು ದೂರವಾಣಿ ಸಂಖ್ಯೆಯ ಚೀಟಿಯೊಂದನ್ನು ಅಂಗಿಯ ಜೇಬಿನಲ್ಲಿಟ್ಟಿರುವುದು ಸಣ್ಣ ಕೆಲಸ, ಮರೆಯಬಾರದ ಕೆಲಸ.

ಪದವಿಯೂ ಕೀರ್ತಿಯೂ ಈ ರೋಗಕ್ಕೆ ತಡೆಯೊಡ್ಡಲಾರವು. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1974ರ ರೈಲ್ವೆ ಮುಷ್ಕರದ ನಾಯಕರಾಗಿ ದೇಶವನ್ನೇ ನಡುಗಿಸಿದವರು. ಮುಂದೆ ರಕ್ಷಣಾ ಸಚಿವರಾದವರು. ಹಲವು ಭಾಷೆಗಳಲ್ಲಿ ನಿರರ್ಗಳವಾಗಿ ಮಾತನಾಡುತ್ತಿದ್ದ ಆ ವಾಗ್ಮಿ ಕೊನೆಯ ವರ್ಷಗಳಲ್ಲಿ ಆಲ್‌ಝೈಮರಿಗೆ ತುತ್ತಾಗಿ ಮೌನಕ್ಕೆ ಸರಿದರು. 2019ರ ಜನವರಿಯಲ್ಲಿ ತೀರಿಕೊಂಡರು. ಅವರನ್ನು ಕಾಣುವ ಅವಕಾಶ ಯಾರಿಗಿರಬೇಕೆಂಬ ವಿವಾದ 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಗುರುತು ಹಿಡಿಯಲಾರದವರೊಬ್ಬರನ್ನು ನೋಡುವುದಕ್ಕಾಗಿ ಆಪ್ತರು ನ್ಯಾಯಾಲಯದ ಮೆಟ್ಟಿಲು ಹತ್ತಿದರೆಂಬುದನ್ನು, ಬಾಗಿಲು ತೆರೆದಿದ್ದರೂ ಹೋಗದವರು ಒಮ್ಮೆ ನೆನೆಯಬಹುದು.

ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕೆ ಎಂದು ತಂದೆತಾಯಿಗಳು ಅನುಮಾನಿಸುವುದುಂಟು. ಹೆದರುತ್ತಾರೆ, ಓದು ಕೆಡುತ್ತದೆ, ಅಜ್ಜನನ್ನು ಮೊದಲಿನಂತೆಯೇ ನೆನಪಿಟ್ಟುಕೊಳ್ಳಲಿ ಎಂಬ ಸಮಾಧಾನಗಳಿವೆ. ಬಲವಂತ ಸಲ್ಲದು, ಏನು ಕಾಣಬಹುದೆಂದು ಮುಂಚಿತವಾಗಿ ತಿಳಿಸದೆ ಒಯ್ಯುವುದೂ ಸಲ್ಲದು. ಆದರೆ ಹದಿನಾಲ್ಕರ ಹುಡುಗನಿಗೋ ಹುಡುಗಿಗೋ ಇದು ತಾಳಲಾರದ ದೃಶ್ಯವೆನ್ನುವುದು ಆ ವಯಸ್ಸಿನ ಶಕ್ತಿಯನ್ನು ಅರಿಯದ ಮಾತು. ಬೆಳೆದ ಮಕ್ಕಳು ತಮ್ಮ ತಂದೆಯಲ್ಲಿ ಕಳೆದುಹೋದುದನ್ನು ಹುಡುಕುತ್ತಾರೆ. ಆದುದರಿಂದ ಅವರಿಗೆ ಭೇಟಿಯ ಪ್ರತಿ ನಿಮಿಷವೂ ನಷ್ಟದ ಲೆಕ್ಕ. ಮೊಮ್ಮಕ್ಕಳು ಎದುರಿಗಿರುವುದನ್ನು ನೋಡುತ್ತಾರೆ. ಅಜ್ಜ ಒಂದೇ ಪ್ರಶ್ನೆಯನ್ನು ಏಳು ಸಲ ಕೇಳಿದರೆ ಏಳು ಸಲ ಉತ್ತರ ಹೇಳುವ ಸಹನೆ ಹಿರಿಯರಿಗಿಂತ ಅವರಲ್ಲಿ ಹೆಚ್ಚು. ‘ನನ್ನ ಬಳೆಯನ್ನು ನೀನೇ ಕದ್ದೆ’ ಎಂದು ಅಜ್ಜಿ ಆರೋಪಿಸಿದರೆ ಮಾತ್ರ ಅವರು ಕಂಗೆಡುತ್ತಾರೆ. ಇಟ್ಟದ್ದು ಎಲ್ಲೆಂದು ನೆನಪಾಗದವರಿಗೆ ವಸ್ತು ಕಳುವಾದಂತೆಯೇ ಕಾಣುತ್ತದೆ, ಆ ಮಾತು ರೋಗದ್ದು, ಅಜ್ಜಿಯದಲ್ಲ ಎಂದು ಮೊದಲೇ ಹೇಳಿಕೊಟ್ಟಿದ್ದರೆ ಆ ಕಷ್ಟವೂ ಹಗುರಾಗುತ್ತದೆ. ಬಳೆಯನ್ನು ಒಟ್ಟಿಗೆ ಹುಡುಕಲು ತೊಡಗುವುದೇ ಅದಕ್ಕೆ ತಕ್ಕ ಉತ್ತರ.

ಇನ್ನು ಹೊರಡುವ ಗಳಿಗೆ. ಅದರಷ್ಟು ತೊಡಕಿನದು ಬೇರಿಲ್ಲ. ಬಾಗಿಲ ಬಳಿ ನಿಂತು ಮೂರು ಮೂರು ಸಲ ವಿದಾಯ ಹೇಳಿದರೆ ರೋಗಿಯೂ ಎದ್ದು ಹೊರಡುತ್ತಾನೆ. ಹೇಳದೆ ನುಸುಳಿದರೆ ಹೊರಟವರ ಮನಸ್ಸೇ ಚುಚ್ಚುತ್ತದೆ. ಅನುಭವಸ್ಥರು ಊಟದ ತಟ್ಟೆ ಬರುವ ಹೊತ್ತನ್ನು ಇದಕ್ಕೆ ಆರಿಸಿಕೊಳ್ಳುತ್ತಾರೆ. ಶುಶ್ರೂಷಕಿ ತಟ್ಟೆಯಿಟ್ಟು ಮೊದಲ ತುತ್ತು ಕೊಡುವಾಗ ಹೆಗಲ ಮೇಲೆ ಕೈಯಿಟ್ಟು ಒಂದೇ ಒಂದು ಮಾತು ಹೇಳಿ ಏಳುತ್ತಾರೆ. ಕನ್ನಡದಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವ ವಾಡಿಕೆಯಿಲ್ಲ, ‘ಬರುತ್ತೇನೆ’ ಎನ್ನುತ್ತಾರೆ. ತಟ್ಟೆಯ ಮುಂದೆ ಕುಳಿತವರು ಆ ಮಾತನ್ನು ಅನ್ನ ಕಲಸುವಷ್ಟರಲ್ಲಿ ಮರೆತಿರುತ್ತಾರೆ. ಹೇಳಿದವರಿಗೆ ಆ ಸವಲತ್ತಿಲ್ಲ. ಅವರು ಕಚೇರಿಯ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೊರಟ ವೇಳೆಯನ್ನು ಬರೆದು, ಮುಂದಿನ ಭಾನುವಾರ ಬರುವಾಗ ಏನು ತರಬೇಕೆಂದು ಶುಶ್ರೂಷಕಿಯನ್ನು ಕೇಳಿ, ಗೇಟಿನತ್ತ ನಡೆಯುತ್ತಾರೆ.